ನುಡಿ ಇಲ್ಲದ ಕಚೇರಿ

ವೈರಸ್ಸಂತೆ! ಕಲಾ ಆ ಕಾಗದವನ್ನು ಮೂರು ಸಲ ಓದಿದಳು. ಮೂರು ಸಲವೂ ಅದೇ ಇತ್ತು: ‘ತಾವು ಸಲ್ಲಿಸಿರುವ ಪೆನ್‌ಡ್ರೈವ್‌ನಲ್ಲಿ ವೈರಸ್ ಕಂಡುಬಂದಿರುವುದರಿಂದ ನಲವತ್ತಮೂರು ಮನೆಗಳ ಹೇಳಿಕೆಗಳನ್ನು ತಿರಸ್ಕರಿಸಲಾಗಿದೆ.’ ಕೆಳಗೊಂದು ದುಂಡನೆಯ ಸೀಲು, ಸೀಲಿನ ಮೇಲೆ ಯಾರದೋ ಸೊಟ್ಟ ಸಹಿ. ಪೇಪರು ಬೇಡ, ನಮ್ಮದು ಕಾಗದ ಇಲ್ಲದ ಕಚೇರಿ, ಪೆನ್‌ಡ್ರೈವೇ ಕೊಡಿ ಎಂದು ಸೋಮವಾರ ಪ್ರಿಂಟನ್ನು ವಾಪಸು ತಳ್ಳಿದ್ದ ಮಹಾನುಭಾವರು, ತಿರಸ್ಕಾರವನ್ನು ಮಾತ್ರ ಒಳ್ಳೆಯ ದಪ್ಪ ಕಾಗದದಲ್ಲಿ ಕಳಿಸಿದ್ದರು.

ಕಾಗದ ತಂದವನು ಕುಪ್ಪುಸ್ವಾಮಿ. ನಂದಿದುರ್ಗ ಗಣಿಯಲ್ಲಿ ಮೂವತ್ತು ವರ್ಷ ಕೆಳಗಿಳಿದು ಬಂದವನು, ಈಗ ಗಣಿಯವರ ಸಾಲುಮನೆಗಳ ಈ ಲೈನಿನ ಸಂಘದ ಅಧ್ಯಕ್ಷ. ಕಲಾಳ ಹೊಲಿಗೆ ಮಿಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದ. ಬಾಗಿಲಲ್ಲಿ ಆಗಲೇ ಏಳೆಂಟು ಜನ ಸೇರಿದ್ದರು.

“ನಾಳೆ ಸಾಯಂಕಾಲ ಐದ್ ಗಂಟೆಗೆ ಕಡೇ ಟೈಮು ಕಣಮ್ಮ,” ಎಂದ ಕುಪ್ಪುಸ್ವಾಮಿ. “ಅಷ್ಟ್ರೊಳಗೆ ಏಳಿಕೆ ಸೇರ್ದಿದ್ರೆ ಪಟ್ಟೀಲಿ ನಮ್ಮ ಲೈನೇ ಇರಲ್ಲ. ಲೈನೇ ಇಲ್ಲಾಂದ್ರೆ ಮನೆ ಎಲ್ಲೀದು?”

ಅದೇ ಸಂಕಟ. ಕಂಪನಿ ಗಣಿ ಮುಚ್ಚಿ ಹೋದಮೇಲೆ ಈ ಸಾಲುಮನೆಗಳಿಗೆ ದಾಖಲೆ ಅಂತ ಯಾವ ಚೀಟಿಯೂ ಉಳಿದಿರಲಿಲ್ಲ. ಈಗ ಬಂಗಾರಪೇಟೆಯಲ್ಲಿ ಮನೆ ಹಕ್ಕಿನ ಹೊಸ ಕಚೇರಿ ತೆರೆದಿದ್ದರು. ಗಣಿ ಲೈನಿನವರು, ಸುತ್ತಲ ಹಳ್ಳಿಗಳಲ್ಲಿ ಸರ್ಕಾರಿ ಜಾಗದಲ್ಲಿ ಇರುವವರು, ಯಾರು ಯಾವ ಮನೆಯಲ್ಲಿ ಎಂದಿನಿಂದ ಇದ್ದಾರೆ ಎಂದು ಹೇಳಿಕೆ ಕೊಡಬೇಕು. ಕೊಟ್ಟವರ ಹೆಸರು ಪಟ್ಟಿಗೆ, ಕೊಡದವರು ಬೀದಿಗೆ.

“ಫ್ರೀ ಫ್ರೀ ಅಂತ ಸಿಕ್ಕಿದ್ದೆಲ್ಲಾ ಕಂಪ್ಯೂಟರ್‌ಗೆ ಆಕ್ಕೊಂಡು ಕೂತ್ರೆ ಇನ್ನೇನಾತದೆ?” ಬಾಗಿಲಿನಿಂದ ಮಾರಿಯಮ್ಮ ಕೇಳಿದಳು. ಎದುರು ಮನೆಯವಳು, ಮಾತು ಖಾರ. “ಕಾಸ್ ಕೊಟ್ಟು ತಗೊಂಡಿದ್ರೆ ವೈರಸ್ ಬತ್ತಿತ್ತಾ?”

ಕಲಾಳಿಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಲೈನಿನ ವಾಟ್ಸಾಪ್ ಗುಂಪಿನಲ್ಲಿ ಅವಳದೊಂದು ಕಂಪ್ಯೂಟರ್ ಟಿಪ್ಪು ಬರುತ್ತಿತ್ತು, ಅವಳದೇ ದನಿಯಲ್ಲಿ. ಅಂಗಡಿಯವನು ಕಂಪ್ಯೂಟರಿಗೆ ಟೈಪ್ ಮಾಡೋ ‘ಆಫೀಸು’ ಸಾಫ್ಟ್‌ವೇರು ಹಾಕ್ತೀನಿ ಅಂತ ದುಡ್ಡು ಕೇಳಿದರೆ ಕೊಡಬೇಡಿ, ಲಿಬ್ರೆ ಆಫೀಸು ಪುಕ್ಕಟೆ ಸಿಗುತ್ತದೆ. ದೊಡ್ಡದಾಗಿ ಹಸಿರು ಬಣ್ಣದಲ್ಲಿ ‘ಡೌನ್‌ಲೋಡ್’ ಅಂತ ಮಿಣಮಿಣ ಅನ್ನೋದನ್ನ ಒತ್ತಬೇಡಿ, ಅಸಲಿದು ಮೂಲೆಯಲ್ಲಿ ಚಿಕ್ಕದಾಗಿ ಇರುತ್ತದೆ. ಪಾಸ್‌ವರ್ಡಿಗೆ ಗಂಡನ ಹೆಸರು ಇಡಬೇಡಿ, ಇಡೀ ಲೈನಿಗೆ ಗೊತ್ತು. ಹಿಂದಿನಿಂದ ಎಲ್ಲರೂ ಅವಳನ್ನು ಟಿಪ್ಸ್ ಕಲಾ ಅಂತ ಕರೆದು ನಗುತ್ತಿದ್ದರು, ಮುಂದಿನಿಂದ ಬಂದು ಮಕ್ಕಳ ಅರ್ಜಿ ತುಂಬಿಸಿಕೊಂಡು ಹೋಗುತ್ತಿದ್ದರು. ನಗಲಿ, ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಆದರೆ ನಲವತ್ತಮೂರು ಮನೆಯ ಮುಂದೆ ಕೂತು, ಒಬ್ಬೊಬ್ಬರ ಬಾಯಿಂದ ಕೇಳಿ, ಹನ್ನೊಂದು ದಿನ ಬ್ಲೌಸು ಹೊಲಿಯುವುದನ್ನೂ ಬಿಟ್ಟು ಟೈಪು ಮಾಡಿದ್ದನ್ನು ವೈರಸ್ಸು ಅಂದರೆ?

“ಅಕ್ಕಾ, ನನ್ ಕಂಪ್ಯೂಟರ್ ನಿನ್ನ ಅಡಿಗೆಮನೇಗಿಂತ ಚೊಕ್ಕಟವಾಗೈತೆ,” ಎಂದಳು ಕಲಾ. “ವೈರಸ್ಸಿಲ್ಲ ಏನಿಲ್ಲ. ನಾಳೆ ನಾನೇ ಓಗ್ತೀನಿ. ಅವ್ರ ಮುಂದೇನೇ ತೆಗೆದು ತೋರಿಸ್ತೀನಿ.”

“ತೋರ್ಸು ನೋಡಾನ,” ಎಂದು ಮಾರಿಯಮ್ಮ ಸೆರಗು ಕೊಡವಿಕೊಂಡು ಹೊರಟುಹೋದಳು. ಉಳಿದವರೂ ಮಾತಿಲ್ಲದೆ ಒಬ್ಬೊಬ್ಬರಾಗಿ ಹೋದರು. ಯಾರಾದರೂ ಬೈದಿದ್ದರೂ ಚೆನ್ನಾಗಿತ್ತು ಅನಿಸಿತು ಕಲಾಳಿಗೆ.

ಶುಕ್ರವಾರ ಬೆಳಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ಇಬ್ಬರೂ ರೈಲು ಹತ್ತಿದರು. ಕುಪ್ಪುಸ್ವಾಮಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನಿಗೂ ಒಳಗೊಳಗೇ ಅನುಮಾನವಿತ್ತು, ಕಲಾಳಿಗೆ ಗೊತ್ತಾಗುತ್ತಿತ್ತು. ಕೋರಮಂಡಲ ದಾಟಿದ ಮೇಲೆ ಮೆಲ್ಲಗೆ ಕೇಳಿದ.

“ನಿಜ ಯೋಳಮ್ಮ. ಆ ಪುಕ್ಕಟೆ ಸಾಮಾನಿಂದೇನಾದ್ರೂ...”

“ಮಾಮ, ಏಳಿಕೆ ಕೊಡಿ ಅಂತ ಕಳಿಸಿದ ನೋಟೀಸಲ್ಲಿ ಅವ್ರೇ ಬರ್ದಿದ್ರು, ನುಡಿಯಲ್ಲೇ ಟೈಪ್ ಮಾಡ್ಬೇಕು ಅಂತ. ನುಡಿ ಅನ್ನೋ ಸಾಫ್ಟ್‌ವೇರೂ ಪುಕ್ಕಟೇನೇ, ಸರ್ಕಾರ್ದೋರೇ ಕೊಡೋದು. ನಾನು ದಿನಾ ಬೇರೆ ತರ ಟೈಪ್ ಮಾಡ್ತೀನಿ, ಅದು ಎಲ್ಲಿ ತೆಗೆದ್ರೂ ಕನ್ನಡಾನೇ ಕಾಣ್ತದೆ. ಇವ್ರು ಕೇಳಿದ್ರು ಅಂತ ಹಳೇ ನುಡಿ ಅಕ್ಷರದಲ್ಲಿ ಮಾಡ್ಕೊಟ್ಟೆ. ಕೇಳಿದ್ದನ್ನ ಕೊಟ್ಟಿದ್ದೇ ತಪ್ಪಾಯ್ತಾ?”

“ಅಪ್ಪಡಿಯಾ, ಅಂಗಾ,” ಎಂದ ಕುಪ್ಪುಸ್ವಾಮಿ. ನಂಬಿದನೋ ಬಿಟ್ಟನೋ, ಮತ್ತೆ ಕಿಟಕಿಯ ಕಡೆ ತಿರುಗಿದ.

ಕಚೇರಿಗೆ ಹತ್ತೂವರೆಗೆ ಮುಟ್ಟಿದರು. ಹೇಳಿಕೆ ತೆಗೆದುಕೊಳ್ಳುವ ಗುಮಾಸ್ತ ನಾಗೇಶ್ ಸೀಟಿನಲ್ಲಿ ಇರಲಿಲ್ಲ. ಟಿಫನ್ನಿಗೆ ಹೋಗಿದ್ದಾರೆ ಎಂದರು. ಟಿಫನ್ ಮುಗಿಸಿ ಮೀಟಿಂಗಿಗೆ ಹೋದರು ಎಂದರು. ಮೀಟಿಂಗು ಮುಗಿಯುವ ಹೊತ್ತಿಗೆ ಊಟದ ಹೊತ್ತಾಗಿತ್ತು. ನಾಗೇಶ್ ಬಂದು ಕುರ್ಚಿಯಲ್ಲಿ ಕೂತಾಗ ಗೋಡೆಯ ಗಡಿಯಾರದಲ್ಲಿ ಎರಡು ಹತ್ತು. ಹೆಚ್ಚುಕಡಿಮೆ ನಾಲ್ಕು ಗಂಟೆ ಕಾಲ ಬೆಂಚಿನ ಮೇಲೆ ಕೂತು ಕುಪ್ಪುಸ್ವಾಮಿಯ ಕೆಮ್ಮು ಕೇಳಿಸಿಕೊಂಡಿದ್ದ ಕಲಾ ಎದ್ದು ಅವನ ಮೇಜಿನ ಮುಂದೆ ನಿಂತಳು.

“ವೈರಸ್ ಅಂತ ಬರೆದು ಕಳಿಸಿದೀವಲ್ಲಮ್ಮ, ಮತ್ತೆ ಯಾಕೆ ಬಂದ್ರಿ?”

“ಎಲ್ಲೈತೆ ತೋರಿಸಿ ಸಾರ್, ನೋಡ್ತೀನಿ.”

“ನೋಡಿ ನೀವೇನು ಮಾಡ್ತೀರಿ? ಇದು ನಿಮಗೆಲ್ಲ ಗೊತ್ತಾಗಲ್ಲ.”

“ಗೊತ್ತಾಗ್ದಿದ್ರೆ ಸುಮ್ಕೆ ಓಗ್ತೀನಿ. ತೋರಿಸಿ.”

ನಾಗೇಶ್ ಒಲ್ಲದ ಮನಸ್ಸಿನಿಂದ ಫೈಲು ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದ. ಅಲ್ಲಿ ಒಂದಕ್ಷರವೂ ಕನ್ನಡವಿರಲಿಲ್ಲ. ಇಂಗ್ಲಿಷ್ ಅಕ್ಷರ, ಅದರ ಮೇಲೆ ಗೆರೆ, ಚುಕ್ಕೆ, ಕೊಕ್ಕೆ, ಪುಟಗಟ್ಟಲೆ ಅದೇ.

“ನೋಡಿದ್ರಾ? ಪೂರ್ತಿ ತಿಂದುಹಾಕಿದೆ,” ಎಂದ.

ಕಲಾ ಪರದೆ ನೋಡಿದಳು. ಮೊದಲು ಅವಳಿಗೆ ನಗು ಬಂತು. ಆಮೇಲೆ ಆ ನಗುವೇ ಸಿಟ್ಟಾಯಿತು. ಅಯ್ಯೋ ಇವರ ಮನೆ ಎಕ್ಕುಟ್ಟಿಹೋಗ! ಇದಕ್ಕಾಗಿ ನಲವತ್ತಮೂರು ಮನೆಯವರು ನಿನ್ನೆಯಿಂದ ಅನ್ನ ಬಿಟ್ಟು ಕೂತಿದ್ದಾರಾ? ಹಳೆಯ ನುಡಿ ಅಕ್ಷರವನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಹೀಗೇ ಕಾಣುವುದು, ಟೈಪಿಂಗ್ ಕಲಿತ ಮೊದಲ ವಾರದಲ್ಲೇ ಗೊತ್ತಾಗುವ ಸಂಗತಿ. ರಾಬರ್ಟ್‌ಸನ್‌ಪೇಟೆಯ ಇನ್‌ಸ್ಟಿಟ್ಯೂಟಿನಲ್ಲಿ ಅವಳು ಇಂಥ ಪುಟಗಳನ್ನು ಎಷ್ಟು ನೋಡಿದ್ದಳೆಂದರೆ, ಬರಬರುತ್ತಾ ಹಾಗೆಯೇ ಓದಲು ಬರುತ್ತಿತ್ತು.

“ಸಾರ್, ಇದು ವೈರಸ್ಸಲ್ಲ. ಕನ್ನಡ.”

“ಏನಮ್ಮಾ ತಮಾಷೆನಾ? ನಾನೂ ಕನ್ನಡದವನೇ.”

ಕಲಾ ಪರದೆಗೆ ಬೆರಳಿಟ್ಟಳು. ಅಲ್ಲಿ PÀÄ¥ÀÄà¸Áé«Ä ಎಂದಿತ್ತು. “ಇದು ಕುಪ್ಪುಸ್ವಾಮಿ. ಇಗೋ, ಇಲ್ಲಿ ಕೂತವ್ರಲ್ಲ, ಇವ್ರೇ. ಇದು ಮನೆ.” ಬೆರಳು ªÀÄ£É ಎಂಬುದರ ಮೇಲಿತ್ತು. ಹಾಗೆಯೇ ಬೆರಳು ಸರಿಸುತ್ತಾ ಓದಿದಳು, ಜೋರಾಗಿ, ಕಚೇರಿಯ ಐದೂ ಮೇಜುಗಳಿಗೆ ಕೇಳಿಸುವ ಹಾಗೆ: “‘ನಮ್ಮ ತಂದೆ ಈ ಮನೆಗೆ ಬಂದಾಗ ನಾನು ತಾಯಿ ಹೊಟ್ಟೆಯಲ್ಲಿದ್ದೆ. ಇದೇ ಮನೆಯ ಹಿಂದಿನ ಕೋಣೆಯಲ್ಲಿ ಹುಟ್ಟಿದೆ. ನನ್ನ ಹೆಂಡತಿ ಸರೋಜ ಇದೇ ಕೋಣೆಯಲ್ಲಿ ತೀರಿಕೊಂಡಳು. ನಾನು ಬೇರೆ ಯಾವ ಮನೆಯಲ್ಲೂ ಒಂದು ರಾತ್ರಿ ಮಲಗಿದವನಲ್ಲ, ಆಸ್ಪತ್ರೆಯೊಂದು ಬಿಟ್ಟು.’”

ಕುಪ್ಪುಸ್ವಾಮಿ ಎದ್ದು ನಿಂತಿದ್ದ. “ಅಂಗೇ ಯೋಳಿದ್ದೆ ನಾನು,” ಎಂದ, ಯಾರಿಗೆಂದಿಲ್ಲದೆ. “ಒಂದ್ ಮಾತೂ ಎಚ್ಚುಕಡಿಮೆ ಇಲ್ಲ. ಅಂಗೇ ಯೋಳಿದ್ದೆ.”

ಟೈಪು ಮಾಡುತ್ತಿದ್ದವರ ಕೈ ನಿಂತಿತ್ತು. ನಾಗೇಶ್ ಪರದೆಯನ್ನೂ ಕಲಾಳನ್ನೂ ನೋಡಿದ. “ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಿ,” ಎಂದ.

“ಆಯ್ತು ಸಾರ್. ನೀವು ಕಳಿಸಿದ ನೋಟೀಸಿನ ಫೈಲು ಇದ್ರಲ್ಲೇ ಐತಲ್ಲ? ಅದ್ನ ತೆಗೀರಿ.”

ನಾಗೇಶ್ ತೆಗೆದ. ಅದೇ ಗೆರೆ, ಅದೇ ಚುಕ್ಕೆ, ಅದೇ ಕೊಕ್ಕೆ.

“ಅಂಗಾದ್ರೆ ನಿಮ್ಮ ಆಫೀಸಿನ ನೋಟೀಸಿಗೂ ವೈರಸ್ಸಾ ಸಾರ್? ಅದ್ನೂ ತಿರಸ್ಕಾರ ಮಾಡಿ ಮತ್ತೆ! ನೋಟೀಸೇ ಇಲ್ಲಾಂದ್ರೆ ಕಡೇ ದಿನಾನೂ ಇಲ್ಲ!”

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ನಾಗೇಶನ ಕಿವಿ ಕೆಂಪಾಯಿತು. ಹೋದ ತಿಂಗಳು ಹಳೆಯ ಕಂಪ್ಯೂಟರು ತೆಗೆದು ಹೊಸದು ಕೂರಿಸಿದ್ದರು ಎಂಬ ಮಾತು ಆಗ ಹೊರಗೆ ಬಂತು. ನೋಟೀಸು ಟೈಪಾದದ್ದು ಹಳೆಯದರಲ್ಲಿ, ತಿರಸ್ಕಾರದ ಕಾಗದ ಹೊಸದರಲ್ಲೇ ಇದ್ದ ಬೇರೆ ಕನ್ನಡ ಅಕ್ಷರದಲ್ಲಿ. ಕೂರಿಸಿದವನು ಆದಿನಾರಾಯಣ, ಗುತ್ತಿಗೆಯ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವವನು. ನಾಗೇಶ್ ಅವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

“ನುಡಿನಾ? ಅದನ್ನ ಹಾಕಿಲ್ಲ ಸರ್. ಹೊರಗಿನ ಸಾಫ್ಟ್‌ವೇರ್ ಏನೂ ಹಾಕೋ ಹಾಗಿಲ್ಲ, ಅದರಲ್ಲೂ ಫ್ರೀ ಇರೋದು ಬಹಳ ಡೇಂಜರು. ಯಾರು ಹೇಳಿದ್ದು ನಿಮಗೆ?”

“ನಾನ್ ಯೋಳಿದ್ದು,” ಎಂದಳು ಕಲಾ ಫೋನಿನ ಮೇಲೆ ಬಗ್ಗಿ. “ಕನ್ನಡನಾಡಿನ ಕಚೇರೀಲಿ ಕನ್ನಡ ಹೊರಗಿನದ್ದಾ ಅಣ್ಣಾ? ಸರ್ಕಾರ ತನ್ನ ಕೈಯಾರೆ ಪುಕ್ಕಟೆ ಕೊಡೋ ಸಾಮಾನು, ಅದ್ರಲ್ಲೇ ಬರೀರಿ ಅಂತ ನಮಗೆ ಆರ್ಡರ್ ಬೇರೆ. ಬರ್ದು ಕೊಟ್ರೆ ಓದಕ್ಕೆ ನಿಮ್ಮತ್ರ ಕಣ್ಣಿಲ್ಲ. ನಿಮ್ಮತ್ರ ಕಣ್ಣಿಲ್ಲಾಂದ್ರೆ ನಮ್ಮ ಮನೇಗೆ ವೈರಸ್ಸಾ?”

ಆದಿನಾರಾಯಣ ಫೋನಿಟ್ಟ. ಗಲಾಟೆ ಕೇಳಿ ಒಳಗಿನ ಕೋಣೆಯಿಂದ ಶ್ಯಾಮಲಾ ಮೇಡಂ ಹೊರಗೆ ಬಂದರು. ಕಚೇರಿಯ ಮುಖ್ಯಸ್ಥೆ ಅವರೇ. ಕಲಾ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ. ಮೇಡಂ ನಾಗೇಶನ ಕಡೆ ತಿರುಗಿದರು.

“ಮೊದಲಿನ ಕಂಪ್ಯೂಟರಲ್ಲಿ ಇತ್ತಲ್ರೀ ನುಡಿ?”

“ಇತ್ತು ಮೇಡಂ.”

“ಮತ್ತೆ ನಿಮ್ಮ ತಲೆಗೆ ಹೊಳೀಲಿಲ್ವಾ?”

“ಆದಿನಾರಾಯಣ ವೈರಸ್ ಅಂದ ಮೇಡಂ...”

“ಈಗಲೇ ಹಾಕಿ,” ಎಂದರು ಮೇಡಂ. ಸರ್ಕಾರದ ಜಾಲತಾಣದಿಂದ ನುಡಿ ಇಳಿಯಲು ಹತ್ತು ನಿಮಿಷ ಹಿಡಿಯಿತು. ಫೈಲು ಮುಚ್ಚಿ ಮತ್ತೆ ತೆರೆದು, ಎಲ್ಲ ಆಯ್ಕೆ ಮಾಡಿ, ನುಡಿಯ ಅಕ್ಷರ ಕೊಟ್ಟಾಗ ಪುಟದ ಮೇಲೆ ಕುಪ್ಪುಸ್ವಾಮಿಯ ಹೆಸರು ದುಂಡು ದುಂಡಾಗಿ ಎದ್ದು ನಿಂತಿತು. ಮುದುಕ ಕನ್ನಡಕ ಹಾಕಿಕೊಂಡು ಬಗ್ಗಿ, ತನ್ನ ಹೆಸರನ್ನು ಎರಡು ಸಲ ಓದಿದ. ಓದಿ ಕಲಾಳ ತಲೆಯ ಮೇಲೆ ಕೈಯಿಟ್ಟ. ಅವನ ಕಣ್ಣು ತುಂಬಿತ್ತು.

“ನಿನ್ ಮೇಲೆ ಅನುಮಾನ ಪಟ್ಬಿಟ್ಟೆ ತಾಯಿ,” ಎಂದ.

“ಬಿಡು ಮಾಮ,” ಎಂದಳು ಕಲಾ.

ನಲವತ್ತಮೂರು ಮನೆಗಳಿಗೆ ಸ್ವೀಕೃತಿ ಪತ್ರ ಸಿಕ್ಕಾಗ ಮೂರೂಕಾಲು ಗಂಟೆ. ಮಾರಿಯಮ್ಮನ ಹೆಸರಿನದನ್ನು ಕಲಾ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಳು. ಹೊರಡಲೆಂದು ಚೀಲ ಎತ್ತಿಕೊಳ್ಳುವಾಗ ನಾಗೇಶನ ಕಾಲ ಬಳಿ ಒಂದು ರಟ್ಟಿನ ಡಬ್ಬ ಕಾಣಿಸಿತು. ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ವೈರಸ್’ ಎಂದು ಬರೆದಿತ್ತು. ಒಳಗೆ ಪೆನ್‌ಡ್ರೈವುಗಳು. ಪ್ರತಿಯೊಂದಕ್ಕೂ ದಾರ, ದಾರಕ್ಕೊಂದು ಚೀಟಿ.

“ಇವೆಲ್ಲ ಏನು ಸಾರ್?”

“ಬೇರೆಯವರದು. ನಿಮ್ಮ ಕೆಲಸ ಆಯ್ತಲ್ಲ, ಹೊರಡಿ.”

ಕಲಾ ಹೊರಡಲಿಲ್ಲ. ಬಗ್ಗಿ ಚೀಟಿಗಳನ್ನು ಓದಿದಳು. ಚಾಂಪಿಯನ್ ಲೈನು. ಉರಿಗಾಂ. ಮುನಿಸ್ವಾಮಪ್ಪ, ಕಾಮಸಮುದ್ರ. ಮುನಿಲಕ್ಷ್ಮಿ, ಕಾಮಸಮುದ್ರ. ಇಪ್ಪತ್ತೊಂಬತ್ತು ಇದ್ದವು. ಇಪ್ಪತ್ತೊಂಬತ್ತು ಜನ ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದು, ನೋಟೀಸಿನಲ್ಲಿ ಹೇಳಿದ ಹಾಗೆಯೇ ನುಡಿಯಲ್ಲಿ ಟೈಪು ಮಾಡಿಸಿ ಕೊಟ್ಟುಹೋದವರು. ಇಪ್ಪತ್ತೊಂಬತ್ತು ಮನೆಗೂ ಅದೇ ದಪ್ಪ ಕಾಗದ ಹೋಗಿದೆ. ಅವರಲ್ಲಿ ಒಬ್ಬರೂ ತಿರುಗಿ ಬಂದು ಕೇಳಿಲ್ಲ. ಏನಂತ ಕೇಳುತ್ತಾರೆ? ನಮ್ಮದೇ ಏನೋ ತಪ್ಪು ಅಂದುಕೊಂಡು, ಟೈಪು ಮಾಡಿದವನಿಗೆ ಬೈದು ಸುಮ್ಮನಾಗಿರುತ್ತಾರೆ. ನಿನ್ನೆ ತನ್ನ ಮನೆಯ ಬಾಗಿಲಲ್ಲಿ ಆದದ್ದು ಇಪ್ಪತ್ತೊಂಬತ್ತು ಬಾಗಿಲಲ್ಲಿ ಆಗಿದೆ ಎಂದು ಕಲಾಳಿಗೆ ಅನಿಸಿದ್ದೇ, ಡಬ್ಬವನ್ನೆತ್ತಿ ಮೇಜಿನ ಮೇಲೆ ಕುಕ್ಕಿದಳು.

“ಮೇಡಂ!” ಎಂದು ಕೂಗಿದಳು. ಕಚೇರಿಯಲ್ಲಿ ಹಾಗೆ ಕೂಗಬಾರದೆಂದು ಅವಳಿಗೆ ಗೊತ್ತಿತ್ತು. “ಇವುಕ್ಕೂ ಇದೇ ರೋಗ. ಇವತ್ತೇ ತೆಗೀರಿ.”

ಶ್ಯಾಮಲಾ ಮೇಡಂ ಗಡಿಯಾರ ನೋಡಿದರು. “ಗಡುವು ಮುಂದೆ ಹಾಕೋದು ನನ್ನ ಕೈಲಿಲ್ಲಮ್ಮ.”

“ಮುಂದಕ್ಕೆ ಆಕಿ ಅನ್ನಲಿಲ್ಲ ಮೇಡಂ. ಇನ್ನೂ ಐದಾಗಿಲ್ಲ. ಕೊಟ್ಟೋರು ಟೈಮಿಗೆ ಸರಿಯಾಗೇ ಕೊಟ್ಟವ್ರೆ. ಓದ್ದೇ ಇದ್ದೋರು ನೀವು.”

ಮೇಡಂ ನಾಗೇಶನ ಕಡೆ ತಿರುಗಿ “ತೆಗೀರಿ” ಎಂದರು. ಕಲಾ ಪೆನ್‌ಡ್ರೈವು ಚುಚ್ಚಿ ಕೊಡುತ್ತಾ ಹೋದಳು, ನಾಗೇಶ್ ಅಕ್ಷರ ಬದಲಿಸುತ್ತಾ ಹೋದ, ಕುಪ್ಪುಸ್ವಾಮಿ ಚೀಟಿಯ ಹೆಸರನ್ನೂ ಪರದೆಯ ಹೆಸರನ್ನೂ ಕೂಗಿ ತಾಳೆ ನೋಡಿದ. ಒಂದೊಂದೇ ಮನೆ ಕನ್ನಡಕ್ಕೆ ಬಂತು. ಯಾರದೋ ಗುಡಿಸಲು, ಯಾರದೋ ಹುಣಸೆಮರ, ಯಾರದೋ ಗಂಡ ಕಟ್ಟಿದ ಒಂದೂವರೆ ಗೋಡೆ. ನಾಲ್ಕೂವರೆಯ ಹೊತ್ತಿಗೆ ಇಪ್ಪತ್ತೆರಡು ಮುಗಿದಿದ್ದವು.

ಇಪ್ಪತ್ತಮೂರನೆಯದು ಮುನಿಲಕ್ಷ್ಮಿಯದು. ಚುಚ್ಚಿದರೆ ಒಳಗೆ ಏನೂ ಇರಲಿಲ್ಲ. ಕಲಾ ತೆಗೆದು ಮತ್ತೆ ಚುಚ್ಚಿದಳು. ಖಾಲಿ. ಉಳಿದ ಆರೂ ಖಾಲಿ.

“ಇವುಕ್ಕೇನಾಯ್ತು?”

ನಾಗೇಶ್ ತಲೆಯೆತ್ತಲಿಲ್ಲ. “ಆದಿನಾರಾಯಣ ಬುಧವಾರ ಬಂದು ಕ್ಲೀನ್ ಮಾಡೋಕೆ ಶುರುಮಾಡಿದ್ದ. ವೈರಸ್ ಹರಡಬಾರದು ಅಂತ... ಏಳು ಫಾರ್ಮ್ಯಾಟ್ ಮಾಡಿ ಒರೆಸಿಹಾಕಿದ.”

ಕಲಾ ಖಾಲಿ ಪೆನ್‌ಡ್ರೈವುಗಳನ್ನು ಒಂದು ಕಡೆ ಸೇರಿಸಿಟ್ಟಳು. ಬಡವರು ಬರೆಸಿದ್ದನ್ನು ಓದಲು ಬರದಿದ್ದರೆ ಅದು ರೋಗ, ರೋಗವಾದರೆ ಒರೆಸಿಬಿಡುವುದು. ಎಷ್ಟು ಸಲೀಸು! ಅಳಿಸುವ ಮುಂಚೆ ಇನ್ನೊಂದು ಕಡೆ ಇಟ್ಟುಕೋ ಎನ್ನುವುದು ಭಾನುವಾರದ ಟಿಪ್ಪು ಕೇಳುವ ಲೈನಿನ ಅಜ್ಜಿಯರಿಗೂ ಗೊತ್ತು.

“ಈ ಏಳಕ್ಕೆ ಯಾರೂ ಏನೂ ತುಂಬಬೇಡಿ,” ಎಂದಳು. “ಬರೀ ಮೇಲೆ ಒರ್ಸಿದ್ರೆ ಒಳಗೆ ಇನ್ನೂ ಇರ್ತದೆ. ವಾಪಸ್ ತೆಗೆಯೋ ಸಾಫ್ಟ್‌ವೇರು ನನ್ನತ್ರ ಐತೆ, ಅದೂ ಪುಕ್ಕಟೇದೇ. ಆದ್ರೆ ಅದಕ್ಕೆ ಒಂದು ದಿನ ಬೇಕು.”

“ಐದು ಗಂಟೆಗೆ ಮುಗೀತದಲ್ಲಮ್ಮ,” ಎಂದರು ಶ್ಯಾಮಲಾ ಮೇಡಂ. ಅವರ ದನಿಯೂ ಈಗ ಬಿದ್ದಿತ್ತು. “ಹೇಳಿಕೆ ಇಲ್ಲದೆ ಸ್ವೀಕೃತಿ ಕೊಡೋದು ಹೇಗೆ?”

“ಏಳು ಜನ ಟೈಮಿಗೆ ಕೊಟ್ಟಿದ್ರು ಅಂತ ಸ್ವೀಕೃತಿ ಕೊಡಿ. ಒಳಗಿನದ್ದು ಯಾಕಿಲ್ಲ ಅಂತ ನೀವೇ ಬರ್ದು ಸೀಲು ಆಕಿ.”

ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತರು. ಕೂತು ಕೈಯಿಂದ ಹಣೆ ಒತ್ತಿಕೊಂಡರು. “ಬರೀರಿ ನಾಗೇಶ್,” ಎಂದರು.

ನಾಗೇಶ್ ಹೊಸ ಪುಟ ತೆರೆದ. ಏಳು ಹೆಸರು, ಏಳು ಊರು, ತಾರೀಖು ಹಾಕಿದ. ನಾಲ್ಕು ಐವತ್ತಾಗಿತ್ತು. ಆಮೇಲೆ ಬರೆದ: ‘ತಾಂತ್ರಿಕ ಕಾರಣಗಳಿಂದಾಗಿ ಸದರಿ ಹೇಳಿಕೆಗಳು ಲಭ್ಯವಿರುವುದಿಲ್ಲ.’

“ಅದು ಬೇಡ ಸಾರ್. ಅಳಿಸಿ,” ಎಂದಳು ಕಲಾ. “ಅಳಿಸೋದು ನಿಮಗೆ ಕಷ್ಟವೇನಲ್ವಲ್ಲ.”

ನಾಗೇಶ್ ಅಳಿಸಿದ. “ಮತ್ತೆ ಏನಂತ ಬರೀಲಿ?”

“ಆಗಿದ್ದು ಬರೀರಿ.”

ಅವನು ಮೇಡಂ ಕಡೆ ನೋಡಿದ. ಮೇಡಂ ಸೀಲು ತೆಗೆದು ಮುಂದಿಟ್ಟುಕೊಂಡರು. ಕುಪ್ಪುಸ್ವಾಮಿ ಕೆಮ್ಮು ತಡೆದುಕೊಂಡು ಪರದೆಯ ಹತ್ತಿರ ಬಗ್ಗಿದ. ಕಚೇರಿಯಲ್ಲಿ ಕೀಲಿಮಣೆಯ ಸದ್ದೊಂದೇ ಕೇಳಿಸುತ್ತಿತ್ತು, ಒಂದೊಂದೇ ಅಕ್ಷರ, ಬಹಳ ನಿಧಾನ. ‘ಈ ಏಳು ಜನರು ಅವಧಿಯೊಳಗೆ ಕೊಟ್ಟ ಹೇಳಿಕೆಗಳನ್ನು’ ಎಂದು ಬರೆದು ನಾಗೇಶ್ ನಿಲ್ಲಿಸಿದ. ಹಣೆ ಬೆವರಿತ್ತು.

“ಊಂ, ಮುಂದಕ್ಕೆ,” ಎಂದಳು ಕಲಾ.

‘ಓದದೆ ಅಳಿಸಿದ್ದೇವೆ’ ಎಂದು ಬರೆದ.